ಎಫ್ 2.8 ಒಂದೇ ಆದರೂ ಜೂಮ್ ಲೆನ್ಸ್‌ನಲ್ಲಿ ಚಿತ್ರ ಕಪ್ಪಗೆ ಯಾಕೆ?

ಪ್ರೈಮ್ (ಜೂಮ್ ಆಗದ ಲೆನ್ಸ್), ಜೂಮ್ ಎರಡನ್ನೂ ಎಫ್ 2.8ಕ್ಕೆ ಇಟ್ಟು, ಶಟರ್, ಐಎಸ್‌ಒ ಬದಲಿಸದೆ ತೆಗೆದರೂ ಜೂಮ್‌ನದು ಸ್ವಲ್ಪ ಕಪ್ಪಗೆ ಬರುತ್ತಿದೆ ಅಂದಿರಲ್ಲ, ಗಾಬರಿ ಬೇಡ. ಲೆನ್ಸ್ ಕೆಟ್ಟಿರಲಾರದು.

ಎಫ್ ಅನ್ನೋದು ಬರೀ ಅಳತೆಯ ಲೆಕ್ಕ: ಲೆನ್ಸ್‌ನ ಫೋಕಲ್ ಲೆಂತನ್ನು ಬೆಳಕು ಬರುವ ತೂತಿನ ಅಗಲದಿಂದ ಭಾಗಿಸಿದ್ದು. 50 ಎಂಎಂ ಲೆನ್ಸನ್ನು ಮುಂದಿನಿಂದ ನೋಡಿದಾಗ ತೂತು 25 ಎಂಎಂ ಕಂಡರೆ ಅದು ಎಫ್ 2. ಒಳಗಿನ ಗಾಜುಗಳು ಎಷ್ಟು ಬೆಳಕು ನುಂಗುತ್ತವೆ ಅನ್ನೋದು ಆ ಲೆಕ್ಕದಲ್ಲಿಲ್ಲ. ಜೂಮ್‌ನಲ್ಲಿ ಗಾಜು ಜಾಸ್ತಿ ಅಲ್ವಾ? ಟಿ ಸಂಖ್ಯೆ ಈ ನಷ್ಟವನ್ನೂ ಸೇರಿಸಿ ಹೇಳುತ್ತದೆ. ಸೋನಿಯ 100 ಎಂಎಂ ಎಸ್‌ಟಿಎಫ್ ನೋಡಿ: ಎಫ್ 2.8, ಆದರೆ ಟಿ 5.6! ಹಿನ್ನೆಲೆ ಮೆತ್ತಗೆ ಕರಗಲೆಂದು ಒಳಗೆ ಅಂಚಿನತ್ತ ಕಪ್ಪಾಗುತ್ತಾ ಹೋಗುವ ಫಿಲ್ಟರ್ ಇಟ್ಟಿದ್ದಾರೆ.

ಸಿನಿಮಾದವರು ಒಂದೇ ದೃಶ್ಯಕ್ಕೆ ಲೆನ್ಸ್ ಬದಲಿಸುತ್ತಿರುತ್ತಾರೆ, ಎಲ್ಲದರಲ್ಲೂ ಬೆಳಕು ಒಂದೇ ಥರ ಇರಬೇಕಲ್ಲ, ಅವರಿಗೆ ಟಿ ಬೇಕೇ ಬೇಕು. ನೀವು ಸ್ಟಿಲ್ಸ್ ತೆಗೆಯೋರಾದರೆ ಸುಮ್ನೆ ಟಿ ಸಂಖ್ಯೆಯ ಸಿನಿ ಲೆನ್ಸ್‌ಗೆ ದುಡ್ಡು ಹಾಕಬೇಡಿ. ಕ್ಯಾಮೆರಾದ ಮೀಟರ್ ಲೆನ್ಸ್ ದಾಟಿ ಬಂದ ಬೆಳಕನ್ನೇ ಅಳೆಯುತ್ತದೆ, ಹಾಗಾಗಿ ಮೀಟರ್ ನೋಡಿ ಶಟರ್, ಐಎಸ್‌ಒ ಇಟ್ಟರೆ ಈ ನಷ್ಟ ಅದರಲ್ಲೇ ಲೆಕ್ಕಕ್ಕೆ ಬಂದಿರುತ್ತದೆ.