‘ಆಮೇಲೆ’ಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ

ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು, ಮಾತಿನಲ್ಲಿ ಹೇಗೋ ನಿಭಾಯಿಸುತ್ತೇನೆ, ಪತ್ರ ಬರೆಯಲು ಕುಳಿತರೆ ಮಾತ್ರ ಕೈ ನಿಂತುಬಿಡುತ್ತದೆ ಎಂದು ಬರೆದಿದ್ದೀರಿ. ಒಂದು ಕೆಲಸವಾದ ಮೇಲೆ ಇನ್ನೊಂದು ನಡೆಯಿತು ಎನ್ನುವುದಕ್ಕೆ ಪ್ರತಿ ಸಲವೂ ‘ಆಫ್ಟರ್ ದಟ್’ ಎಂದರೆ ಶಾಲೆಯ ಮಕ್ಕಳ ಪ್ರಬಂಧದಂತೆ ಕಾಣುತ್ತದೆ. ಹಾಗೆಂದು ‘ಸಬ್‌ಸಿಕ್ವೆಂಟ್ ಟು’, ‘ಕಾನ್ಸಿಕ್ವೆಂಟ್ ಅಪಾನ್’, ‘ಫರ್ದರ್ ಟು’, ‘ಪರ್ಸುಯಂಟ್ ಟು’ ಇವುಗಳಲ್ಲಿ ಯಾವುದನ್ನು ಎಲ್ಲಿ ಹಾಕಬೇಕೆಂದು ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ಹೊಸದಾಗಿ ಬಂದವರು ಮನೆಯ ಬಗ್ಗೆ, ವೀಸಾದ ಬಗ್ಗೆ ಕೇಳುತ್ತಾರೆ. ಇದನ್ನು ಕೇಳಿದವರು ನೀವೇ ಮೊದಲಿಗರು. ಬಂದ ಹೊಸತರಲ್ಲಿ ನನ್ನನ್ನು ಬಹಳ ನೋಯಿಸಿದ್ದು ಇದೇ ವಿಷಯವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಆಗ ನಾನು ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ನಮಗೆ ಯಂತ್ರಗಳನ್ನು ಒದಗಿಸಿದ್ದ ಸಂಸ್ಥೆಯ ಎಂಜಿನಿಯರ್ ಒಬ್ಬರು ಬಂದು ಎಲ್ಲವನ್ನೂ ನೋಡಿಹೋದರು. ಆ ವಾರದಲ್ಲೇ ಪಂಪ್ ಎರಡು ಸಲ ನಿಂತಿತು. ಅವರ ಭೇಟಿಗೂ ಪಂಪ್ ನಿಂತದ್ದಕ್ಕೂ ಸಂಬಂಧವಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಬಂದುಹೋದ ಮೇಲೆ ಹೀಗಾಯಿತು, ದಯವಿಟ್ಟು ಇನ್ನೊಮ್ಮೆ ಕಳುಹಿಸಿ ಎಂದು ಕೇಳುವುದಷ್ಟೇ ನನ್ನ ಉದ್ದೇಶವಾಗಿತ್ತು. ‘ಆಫ್ಟರ್’ ತೀರಾ ಹಗುರವೆನಿಸಿತು. ‘ಕಾನ್ಸಿಕ್ವೆಂಟ್ ಅಪಾನ್ ಯುವರ್ ಎಂಜಿನಿಯರ್ಸ್ ವಿಸಿಟ್, ದ ಪಂಪ್ ಸ್ಟಾಪ್ಡ್ ಟ್ವೈಸ್’ ಎಂದು ಬರೆದು ಕಳುಹಿಸಿದೆ. ಉತ್ತರ ಬಂದದ್ದು ಎಂಜಿನಿಯರಿಂದಲ್ಲ, ಅವರ ಮೇಲಧಿಕಾರಿಯಿಂದ. ಅದರ ಪ್ರತಿ ನನ್ನ ಮೇಲಧಿಕಾರಿಗೂ ಹೋಗಿತ್ತು. ನಮ್ಮವರಿಂದಲೇ ಪಂಪ್ ಕೆಟ್ಟಿತು ಎನ್ನುವುದಕ್ಕೆ ನಿಮ್ಮಲ್ಲಿ ಏನು ಆಧಾರವಿದೆ ಎಂದು ಕೇಳಿದ್ದರು. ನಾನು ಬರೆದ ವಾಕ್ಯವನ್ನು ಹತ್ತು ಸಲ ಓದಿದೆ. ಅದರಲ್ಲಿ ಆರೋಪವೆಲ್ಲಿದೆ ಎಂದು ಕಂಡುಕೊಳ್ಳುವುದಕ್ಕೆ ನಿಘಂಟು ಬೇಕಾಯಿತು. ‘ಸಬ್‌ಸಿಕ್ವೆಂಟ್’ ಎಂದರೆ ಅದಾದ ಮೇಲೆ, ಅಷ್ಟೇ. ‘ಕಾನ್ಸಿಕ್ವೆಂಟ್’ ಎಂದರೆ ಅದರಿಂದಾಗಿ. ಎಂಜಿನಿಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಒಳ್ಳೆಯವರು, ಮತ್ತೆ ಬಂದು ಪಂಪ್ ನೋಡಿದರು. ಆದರೆ ಒಬ್ಬ ಮನುಷ್ಯನ ಕೆಲಸದ ಮೇಲೆ ನನ್ನ ಪದವೊಂದು ಕಪ್ಪುಚುಕ್ಕೆ ಇಟ್ಟಿತಲ್ಲ ಎಂಬ ಸಂಕಟ ಬಹಳ ದಿನ ಉಳಿಯಿತು.

ಹಾಗಾಗಿ ನೀವು ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಪದ ಹೆಚ್ಚು ಗೌರವದ್ದು ಎಂದಲ್ಲ. ಈ ಎರಡು ಕೆಲಸಗಳ ನಡುವೆ ಇರುವ ನಂಟು ಎಂಥದ್ದು ಎಂದು. ಬರೀ ಹಿಂದುಮುಂದಿನ ನಂಟಾದರೆ ‘ಆಫ್ಟರ್’ ಸಾಕು. ಅದರಲ್ಲಿ ಮಕ್ಕಳಾಟಿಕೆ ಏನೂ ಇಲ್ಲ, ಇಲ್ಲಿನ ಅತ್ಯಂತ ಹಿರಿಯ ಅಧಿಕಾರಿಗಳೂ ಅದನ್ನೇ ಬರೆಯುತ್ತಾರೆ. ‘ಸಬ್‌ಸಿಕ್ವೆಂಟ್ ಟು’ ಅದಕ್ಕಿಂತ ಒಂದಿಷ್ಟೂ ಹೆಚ್ಚು ಹೇಳುವುದಿಲ್ಲ, ಉದ್ದ ಮಾತ್ರ ಹೆಚ್ಚು. ಹಿಂದಿನ ಮಾತುಕತೆಯ ಎಳೆಯನ್ನೇ ಹಿಡಿದು ಮುಂದುವರಿಸುತ್ತಿದ್ದರೆ ‘ಫರ್ದರ್ ಟು’. ನಿನ್ನೆ ಫೋನಿನಲ್ಲಿ ಮಾತನಾಡಿದ ವಿಷಯಕ್ಕೇ ಸೇರಿದ ಕಾಗದವನ್ನು ಇಂದು ಕಳುಹಿಸುವಾಗ ಅದು ಹೊಂದುತ್ತದೆ. ನಿನ್ನೆ ರಜೆಯ ಬಗ್ಗೆ ಮಾತನಾಡಿ ಇಂದು ಲೆಕ್ಕಪತ್ರ ಕಳುಹಿಸುವಾಗ ಹೊಂದುವುದಿಲ್ಲ. ಬ್ರಿಟಿಷರ ಪತ್ರಗಳಲ್ಲಿ ಇದು ಹೆಚ್ಚು, ಅಮೆರಿಕದವರಲ್ಲಿ ಕಡಿಮೆ.

‘ಪರ್ಸುಯಂಟ್ ಟು’ ಬೇರೆಯೇ ಜಾತಿಯದು. ಇಂಥ ಕಾನೂನಿನ, ಇಂಥ ಒಪ್ಪಂದದ ಇಂಥ ಕಲಮಿನ ಅನುಸಾರ ಎಂದು ಅದರ ಅರ್ಥ. ವಕೀಲರಿಗೆ ಅದು ಬೇಕು. ‘ಪರ್ಸುಯಂಟ್ ಟು ಅವರ್ ಟೀ ಬ್ರೇಕ್’ ಎಂದು ಬರೆದರೆ ಚಹಾ ವಿರಾಮವೇ ನಿಮಗೆ ಅಧಿಕಾರ ಕೊಟ್ಟಿತು ಎಂದಂತಾಗುತ್ತದೆ. ಒಪ್ಪಂದದ ಪತ್ರ ಬರೆಯುವವರೆಗೆ ಅದನ್ನು ಮುಟ್ಟಬೇಡಿ.

‘ಫಾಲೋಯಿಂಗ್’ ಎಂಬುದರ ಬಗ್ಗೆ ಎಚ್ಚರವಿರಲಿ. ಅದು ಕಾಲಕ್ಕೂ ಕಾರಣಕ್ಕೂ ನಡುವೆ ನಿಲ್ಲುತ್ತದೆ. ದೂರು ಬಂದ ಮೇಲೆ ನಿಯಮ ಬದಲಾಯಿತು ಎಂದು ‘ಫಾಲೋಯಿಂಗ್’ ಹಾಕಿ ಬರೆದರೆ, ದೂರಿನಿಂದಲೇ ಬದಲಾಯಿತೆಂದು ಓದುವವರು ಅರ್ಧ ನಂಬುತ್ತಾರೆ. ಅದು ನಿಜವಾದರೆ ಬಹಳ ಒಳ್ಳೆಯ ಪದ. ನಿಜವಲ್ಲದಿದ್ದರೆ ‘ಆಫ್ಟರ್’ಗೆ ಹಿಂತಿರುಗಿ. ‘ಅಪಾನ್ ರಿಸೀಟ್ ಆಫ್’ ಎಂದರೆ ಕೈಸೇರಿದೊಡನೆ: ಅದರಲ್ಲಿ ಷರತ್ತೂ ಇದೆ, ತಡಮಾಡುವುದಿಲ್ಲ ಎಂಬ ಮಾತೂ ಇದೆ. ಹಣ ಬಂದು ಹದಿನೈದು ದಿನ ಸುಮ್ಮನಿರುವ ಅಭ್ಯಾಸವಿದ್ದರೆ ಬರೆಯಬೇಡಿ. ‘ದೇರ್‌ಆಫ್ಟರ್’ ಅಲ್ಲಿಂದ ಮುಂದಕ್ಕೆ ಎಂಬಲ್ಲಿ ಚೆನ್ನ: ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ವರದಿ, ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ. ನಮ್ಮವರು ಬಹಳ ಬಳಸುವ ‘ಪೋಸ್ಟ್ ಡಿಸ್ಕಷನ್’ ಇಲ್ಲಿನ ಕಿವಿಗೆ ಒರಟು, ಬಿಟ್ಟುಬಿಡಿ.

ಪದಗಳ ಮಾತು ಇಷ್ಟು. ನಮ್ಮ ನಿಜವಾದ ತೊಡಕು ಅದಕ್ಕಿಂತ ಕೆಳಗಿದೆ, ಕನ್ನಡ ನಮ್ಮಲ್ಲಿ ಬೆಳೆಸಿರುವ ಅಭ್ಯಾಸದಲ್ಲಿದೆ. ಒಂದರ ಹಿಂದೆ ಒಂದು ನಡೆಯುವ ಕೆಲಸಗಳನ್ನು ಪೋಣಿಸುವುದಕ್ಕೆ ನಮಗೆ ಭೂತನ್ಯೂನ ಎಂಬ ಅದ್ಭುತವಾದ ದಾರವಿದೆ. ಎದ್ದು, ಹೋಗಿ, ನೋಡಿ, ಬಂದು ಹೇಳಿದರು. ಎಷ್ಟು ಕೆಲಸ ಬೇಕಾದರೂ ಪೋಣಿಸಿ, ಕೊನೆಗೆ ಒಂದೇ ಕ್ರಿಯಾಪದದಿಂದ ಗಂಟು ಹಾಕಬಹುದು. ಇದನ್ನೇ ಇಂಗ್ಲಿಷಿನಲ್ಲಿ ಮಾಡಲು ಹೋಗಿ ನಾವು ‘ಹ್ಯಾವಿಂಗ್’ ಹಿಡಿಯುತ್ತೇವೆ. ಅಲ್ಲಿ ದಾರ ಹರಿಯುತ್ತದೆ. ಮಳೆ ಬಂದು ಹೊಳೆ ತುಂಬಿತು ಎನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಹೊಳೆ, ಕಾರಣ ಮತ್ತು ಪರಿಣಾಮ ಎಂದು ಕನ್ನಡ ಸಲೀಸಾಗಿ ಒಪ್ಪಿಕೊಳ್ಳುತ್ತದೆ. ಇಂಗ್ಲಿಷ್ ಒಪ್ಪುವುದಿಲ್ಲ. ‘ಹ್ಯಾವಿಂಗ್’ ಎಂದು ಆರಂಭಿಸಿದರೆ ಆ ಕೆಲಸ ಮಾಡಿದವರೇ ಅಲ್ಪವಿರಾಮದ ಆಚೆ ಕರ್ತೃವಾಗಿ ನಿಂತಿರಬೇಕು. ‘ಹ್ಯಾವಿಂಗ್ ಚೆಕ್ಡ್ ದ ಅಕೌಂಟ್ಸ್, ಟೂ ಎರರ್ಸ್ ವರ್ ಫೌಂಡ್’ ಎಂದು ಬರೆದರೆ ಲೆಕ್ಕ ನೋಡಿದ್ದು ನೀವಲ್ಲ, ಆ ಎರಡು ತಪ್ಪುಗಳು! ‘ಐ ಚೆಕ್ಡ್ ದ ಅಕೌಂಟ್ಸ್ ಅಂಡ್ ಫೌಂಡ್ ಟೂ ಎರರ್ಸ್’ ಎನ್ನಿ. ‘ನಾನು’ ಎಂದು ಬರೆಯುವುದು ಅಹಂಕಾರವಲ್ಲ. ಇಲ್ಲಿ ಅದನ್ನು ಹೊಣೆ ಹೊರುವುದು ಎಂದೇ ಓದುತ್ತಾರೆ.

ಇನ್ನೊಂದು ತೊಡಕನ್ನು ನಾನು ಬಹಳ ತಡವಾಗಿ ಗುರುತಿಸಿದೆ. ‘ನಾಳೆ ಅವರು ಬಂದ ಮೇಲೆ ಹೇಳುತ್ತೇನೆ’ ಎಂಬ ವಾಕ್ಯವನ್ನು ನೋಡಿ. ಬರುವುದು ನಾಳೆ, ಆದರೆ ‘ಬಂದ’ ಎಂಬುದು ಭೂತಕಾಲದ ರೂಪ. ಹೇಳುವ ಕೆಲಸಕ್ಕಿಂತ ಬರುವ ಕೆಲಸ ಮೊದಲು ಮುಗಿದಿರುತ್ತದೆ ಎಂಬುದಷ್ಟೇ ಕನ್ನಡಕ್ಕೆ ಮುಖ್ಯ. ಇದೇ ಅಭ್ಯಾಸದಿಂದ ನಾವು ‘ಆಫ್ಟರ್ ಹೀ ಕೇಮ್, ಐ ವಿಲ್ ಟೆಲ್’ ಎಂದು ಬರೆಯುತ್ತೇವೆ. ಅದು ತಪ್ಪೆಂದು ಯಾರಾದರೂ ತಿದ್ದಿದರೆ, ನಾಳೆಯ ಮಾತಲ್ಲವೇ ಎಂದು ‘ಆಫ್ಟರ್ ಹೀ ವಿಲ್ ಕಮ್’ ಎನ್ನುತ್ತೇವೆ. ಎರಡೂ ಅಲ್ಲ. ಇಂಗ್ಲಿಷ್ ಅಲ್ಲಿ ವರ್ತಮಾನಕಾಲವನ್ನು ಬಯಸುತ್ತದೆ: ‘ಆಫ್ಟರ್ ಹೀ ಕಮ್ಸ್’. ನನಗೆ ಬಹಳ ಉಪಕಾರ ಮಾಡಿದ ಪುಟ್ಟ ಪದ ‘ಒನ್ಸ್’. ‘ಒನ್ಸ್ ಐ ಹ್ಯಾವ್ ದ ಸೈನ್ಡ್ ಕಾಪಿ, ಐ ವಿಲ್ ರಿಲೀಸ್ ದ ಪೇಮೆಂಟ್’: ಸಹಿ ಮಾಡಿದ ಪ್ರತಿ ಕೈಗೆ ಬಂದ ಮೇಲೆಯೇ ಹಣ, ಮೊದಲಲ್ಲ. ನಮ್ಮ ‘ಆದ ಮೇಲೆ’ಗೆ ಇಷ್ಟು ಹತ್ತಿರದ ಪದ ಇಂಗ್ಲಿಷಿನಲ್ಲಿ ಇನ್ನೊಂದು ನನಗೆ ಸಿಕ್ಕಿಲ್ಲ.

ಉದ್ದುದ್ದದ ಪದಗಳ ಮೇಲೆ ನಮಗೇಕೆ ಇಷ್ಟು ಭಕ್ತಿ ಎಂದೂ ಕೇಳಿದ್ದೀರಿ. ಇಂಗ್ಲಿಷರಿಗೂ ಆ ಭಕ್ತಿ ಇತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳ ಮಾತು ಫ್ರೆಂಚ್ ಆಯಿತು, ಬರವಣಿಗೆಯಲ್ಲಿ ಲ್ಯಾಟಿನ್ ಇತ್ತು. ‘ಆಫ್ಟರ್’, ‘ಫಾಲೋ’ ಅಚ್ಚ ಇಂಗ್ಲಿಷ್. ‘ಸಬ್‌ಸಿಕ್ವೆಂಟ್’, ‘ಕಾನ್ಸಿಕ್ವೆಂಟ್’, ‘ಪರ್ಸುಯಂಟ್’ ಮೂರೂ ಹಿಂಬಾಲಿಸು ಎಂಬ ಅರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಹುಟ್ಟಿದವು. ನಮ್ಮ ‘ಆಮೇಲೆ’, ‘ಬಳಿಕ’ಗಳ ಪಕ್ಕದಲ್ಲಿ ಕಚೇರಿಯ ಕಡತಗಳ ‘ತದನಂತರ’ ಗಂಭೀರವಾಗಿ ಕುಳಿತಿರುವಂತೆಯೇ ಇದು. ಈಗ ಗಾಳಿ ತಿರುಗಿದೆ. ಬ್ರಿಟನ್ನಿನಲ್ಲಿ 1979ರಿಂದ ‘ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್’ ಎಂಬ ಸಂಘಟನೆ ಸರಳ ಭಾಷೆಗಾಗಿ ಹೋರಾಡುತ್ತಿದೆ. ಅಮೆರಿಕದಲ್ಲಿ ಸರ್ಕಾರಿ ಸಂಸ್ಥೆಗಳು ಜನರಿಗೆ ಅರ್ಥವಾಗುವಂತೆ ಬರೆಯಬೇಕೆಂದು 2010ರಲ್ಲಿ ಕಾನೂನನ್ನೇ ಮಾಡಿದರು. ನೀವು ಕಷ್ಟಪಟ್ಟು ಹತ್ತಲು ನೋಡುತ್ತಿರುವ ಮೆಟ್ಟಿಲುಗಳನ್ನು ಇಲ್ಲಿಯವರು ಆಗಲೇ ಇಳಿಯುತ್ತಿದ್ದಾರೆ.

ಇನ್ನು ನೀವು ಕಳುಹಿಸಿದ ವಾಕ್ಯ. ಸೋಮವಾರ ಸಭೆ ನಡೆಯಿತು, ಅಲ್ಲಿ ಬಂದ ಸಲಹೆಗಳಂತೆ ನೀವು ವರದಿಯನ್ನು ತಿದ್ದಿದ್ದೀರಿ, ಈಗ ಅದನ್ನು ಕಳುಹಿಸಬೇಕು. ‘ಸಬ್‌ಸಿಕ್ವೆಂಟ್ ಟು ದ ಮೀಟಿಂಗ್ ಹೆಲ್ಡ್ ಆನ್ ಮಂಡೇ, ದ ರಿಪೋರ್ಟ್ ಹ್ಯಾಸ್ ಬೀನ್ ರಿವೈಸ್ಡ್ ಅಂಡ್ ದ ಸೇಮ್ ಈಸ್ ಅಟ್ಯಾಚ್ಡ್’ ಎಂದು ಬರೆದಿದ್ದೀರಿ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಸಭೆಯಿಂದಾಗಿಯೇ ತಿದ್ದುಪಡಿ ಆಯಿತು ಎಂಬ ಮುಖ್ಯ ಸಂಗತಿ ಅದರಲ್ಲಿ ಇಲ್ಲ, ತಿದ್ದಿದ ನೀವೂ ಇಲ್ಲ. ಹೀಗೆ ಬರೆಯಿರಿ: ‘ಫಾಲೋಯಿಂಗ್ ಮಂಡೇಸ್ ಮೀಟಿಂಗ್, ಐ ಹ್ಯಾವ್ ರಿವೈಸ್ಡ್ ದ ರಿಪೋರ್ಟ್. ಇಟ್ ಈಸ್ ಅಟ್ಯಾಚ್ಡ್.’ ಇಲ್ಲಿ ‘ಫಾಲೋಯಿಂಗ್’ ತನ್ನ ಎರಡೂ ಅರ್ಥಗಳನ್ನು ಸರಿಯಾಗಿಯೇ ಹೊತ್ತಿದೆ, ಏಕೆಂದರೆ ಕಾಲವೂ ಹೌದು, ಕಾರಣವೂ ಹೌದು. ಇದನ್ನು ಇಂದೇ ಕಳುಹಿಸಿ. ಮುಂದಿನ ಪತ್ರದ ಕರಡನ್ನೂ ಧಾರಾಳವಾಗಿ ನನಗೆ ತೋರಿಸಿ, ಓದಿ ಹೇಳುತ್ತೇನೆ.