ನಾದದ ಬಿಸುಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಮನೆಯಲ್ಲೇ ಯುಎಸ್‌ಬಿ ಮೈಕು, ಲ್ಯಾಪ್‌ಟಾಪ್ ಇಟ್ಟುಕೊಂಡು ಭೈರವ್ ರಾಗದ ಒಂದು ಬಂದಿಶ್ ಧ್ವನಿಮುದ್ರಿಸಿದ್ದೇನೆ. ದನಿ, ತಂಬೂರಿ, ತಬಲಾ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿವೆ. ಸ್ವರ ಸರಿಯಾಗಿದೆ ಎಂದು ಗುರುಗಳು ಹೇಳಿದರು. ಆದರೆ ಕೇಳಲು ಗಾಜಿನಂತೆ ತಣ್ಣಗಿದೆ. ಅಪ್ಪನ ಬಳಿ ಇರುವ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಕ್ಯಾಸೆಟ್ಟಿನ ಬಿಸುಪು ಇದರಲ್ಲಿಲ್ಲ. ಟೇಪಿನ ಗುಣ ಕೊಡುವ ಸಾಫ್ಟ್‌ವೇರನ್ನು ಕೊನೆಯಲ್ಲಿ ಇಡೀ ಹಾಡಿನ ಮೇಲೆ ಹಾಕಿ ನೋಡಿದೆ. ದನಿ ತುಂಬಿಕೊಂಡಿತು, ಆದರೆ ಕೋಮಲ ರಿಷಭದ ಬಳಿ ಏನೋ ಕಲಕಿದಂತಾಗುತ್ತದೆ. ತಪ್ಪೆಲ್ಲಿದೆ?
(ಸಂಗೀತ ವಿದ್ಯಾರ್ಥಿನಿ, ಗದಗ)

ಉತ್ತರ: ತಂಗಿ, ಕಲಕಿದ್ದು ಕೋಮಲ ರಿಷಭದ ಬಳಿಯೇ ಎಂದು ಗುರುತಿಸಿದ ನಿಮ್ಮ ಕಿವಿಗೆ ನನ್ನ ನಮಸ್ಕಾರ. ಅದು ಭ್ರಮೆಯಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಹುದು, ತೋರಿಸುತ್ತೇನೆ. ಅದಕ್ಕೆ ಮೊದಲು ಟೇಪು ದನಿಗೆ ಏನು ಮಾಡುತ್ತಿತ್ತು ಎಂಬುದು ಗೊತ್ತಿರಬೇಕು.

1986ರಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಒಂದು ಸಣ್ಣ ಸ್ಟುಡಿಯೋದಲ್ಲಿ ನಾನು ಕೆಲಸಕ್ಕೆ ಸೇರಿದೆ. ಬೆಳಗಿನ ಮೊದಲ ಕೆಲಸವೆಂದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಸ್ಪೂಲ್ ಯಂತ್ರದ ಹೆಡ್, ಅಂದರೆ ಟೇಪು ಉಜ್ಜಿಕೊಂಡು ಹೋಗುವ ಮುದ್ರಣದ ಭಾಗ, ಒರೆಸುವುದು. ಹತ್ತಿಗೆ ಕಂದು ಪುಡಿ ಅಂಟುತ್ತಿತ್ತು. ನೀವು ಕೇಳುತ್ತಿರುವ ಬಿಸುಪಿನ ಮೂಲ ಆ ಪುಡಿಯೇ, ಟೇಪಿನ ಮೇಲೆ ಬಳಿದ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳು. ಕಾಲು ಇಂಚು ಅಗಲದ ಟೇಪು ಸೆಕೆಂಡಿಗೆ 15 ಇಂಚು ವೇಗದಲ್ಲಿ ಓಡುತ್ತಿತ್ತು. 2,500 ಅಡಿಯ ದೊಡ್ಡ ಸ್ಪೂಲು 33 ನಿಮಿಷಕ್ಕೆ ಮುಗಿಯುತ್ತಿತ್ತು. ವಿಲಂಬಿತ ಖ್ಯಾಲು ಹಾಡುವವರು ನಡುನಡುವೆ ಗಾಜಿನ ಆಚೆಯಿಂದ ನನ್ನ ಕೈ ನೋಡುತ್ತಿದ್ದರು. ಐದು ನಿಮಿಷ ಉಳಿದಾಗ ನಾನು ಐದು ಬೆರಳು ಎತ್ತಬೇಕಿತ್ತು.

ಈ ಕಣಗಳ ಸ್ವಭಾವವನ್ನು ಗದಗದವರಿಗೆ ಹತ್ತಿಯ ಮೂಲಕ ಹೇಳುವುದೇ ಸುಲಭ. ಚೀಲಕ್ಕೆ ಹತ್ತಿ ತುಂಬುವಾಗ ಮೊದಮೊದಲು ಹಾಕಿದಷ್ಟೂ ಹಿಡಿಸುತ್ತದೆ. ತುಂಬುತ್ತ ಬಂದ ಮೇಲೆ ಕಾಲಿನಿಂದ ತುಳಿದರೂ ಸ್ವಲ್ಪವೇ ಇಳಿಯುತ್ತದೆ. ಟೇಪೂ ಹಾಗೆಯೇ. ದನಿ ಸಣ್ಣದಿದ್ದಾಗ ಕೊಟ್ಟಷ್ಟನ್ನೂ ಹಿಡಿದುಕೊಳ್ಳುತ್ತದೆ. ದನಿ ಏರಿದಂತೆ ಕಾಂತಕ್ಕೆ ತಿರುಗಲು ಉಳಿದ ಕಣಗಳು ಕಡಿಮೆಯಾಗಿ ಅಲೆಯ ನೆತ್ತಿ ಮೆಲ್ಲಗೆ ದುಂಡಾಗುತ್ತದೆ. ಡಿಜಿಟಲ್‌ನಲ್ಲಿ ಮಿತಿ ದಾಟಿದರೆ ಅದೇ ನೆತ್ತಿ ಕೊಡಲಿಯಿಂದ ಕಡಿದಂತೆ ತುಂಡಾಗುತ್ತದೆ.

ಹೀಗೆ ದುಂಡಾದ ಅಲೆಯಲ್ಲಿ ಮೂಲ ಸ್ವರದ ಮೂರು ಪಟ್ಟು ಕಂಪನವುಳ್ಳ ಉಪಸ್ವರ ಬಲಗೊಳ್ಳುತ್ತದೆ. ಮಧ್ಯ ಷಡ್ಜದ ಮೂರು ಪಟ್ಟು ಎಂದರೆ ತಾರ ಸಪ್ತಕದ ಪಂಚಮ. ತಂಬೂರಿಯ ಷಡ್ಜದ ತಂತಿಯೊಂದನ್ನೇ ಮೀಟಿದಾಗಲೂ ಪಂಚಮ ತೇಲಿ ಬರುತ್ತದಲ್ಲ, ಅದರ ಮೂಲವೂ ಈ ಮೂರನೆಯ ಉಪಸ್ವರವೇ. ತಂತಿ ಕೂರುವ ಕುದುರೆಯ ಮೇಲೆ ದಾರವನ್ನು ಕೂದಲೆಳೆಯಷ್ಟು ಸರಿಸಿ ಜವಾರಿ ಎಂಬ ಝೇಂಕಾರ ಕೂರಿಸಿದಾಗ ತಂತಿಗೆ ಜೀವ ಬರುವುದನ್ನು ನೀವು ಬಲ್ಲಿರಿ. (ನಮ್ಮ ಕಡೆ ಬೆಳ್ಳುಳ್ಳಿಗೂ ಬಿತ್ತನೆ ಬೀಜಕ್ಕೂ ಜವಾರಿ ಎನ್ನುತ್ತೇವೆ. ತಂಬೂರಿಯ ಜವಾರಿಗೂ ಆ ಮಾತಿಗೂ ನೆಂಟಸ್ತನ ಇರಲಿ ಬಿಡಲಿ, ನನ್ನ ಮನಸ್ಸಿನಲ್ಲಿ ಎರಡೂ ಒಂದೇ ಮಣೆಯ ಮೇಲೆ ಕುಳಿತಿವೆ.) ಆದರೆ ಪ್ರಮಾಣ ನೆನಪಿರಲಿ. ಈ ಮೂರನೆಯ ಉಪಸ್ವರ ಮೂಲದ ಶೇ 3ಕ್ಕೆ ಮುಟ್ಟಿತೆಂದರೆ ಅದನ್ನೇ ಟೇಪಿನ ಗರಿಷ್ಠ ಮಟ್ಟ ಎಂದು ಅಳೆಯುವುದು ರೂಢಿ. ನಾವು ಕೆಲಸ ಮಾಡುತ್ತಿದ್ದದ್ದು ಅದಕ್ಕಿಂತ ಬಹಳ ಕೆಳಗೆ.

ಈಗ ನಿಮ್ಮ ಕೋಮಲ ರಿಷಭ. ಲೆಕ್ಕಕ್ಕೆ ಅನುಕೂಲವಾಗಲೆಂದು ಷಡ್ಜ 240 ಹರ್ಟ್ಜ್ ಎಂದಿಟ್ಟುಕೊಳ್ಳಿ. ಹದಿನೈದಕ್ಕೆ ಹದಿನಾರರ ಅನುಪಾತದಲ್ಲಿ ಕೋಮಲ ರಿಷಭ 256. ತಂಬೂರಿ ಷಡ್ಜ ಹಿಡಿದಿದೆ, ನೀವು ರಿಷಭದ ಮೇಲೆ ನಿಂತಿದ್ದೀರಿ. ಎರಡೂ ಒಟ್ಟಿಗೆ ಒಂದೇ ಟೇಪನ್ನು ಹೊಕ್ಕರೆ ಅವು ಪರಸ್ಪರ ಬೆರೆತು ಹೊಸ ಸ್ವರಗಳನ್ನು ಹುಟ್ಟಿಸುತ್ತವೆ. 240ರ ಇಮ್ಮಡಿಯಲ್ಲಿ 256 ಕಳೆದರೆ 224. ಅದು ಮಂದ್ರ ನಿಷಾದದ 225ಕ್ಕೆ ಒಂದೇ ಹರ್ಟ್ಜ್ ಕಡಿಮೆ. 256ರ ಇಮ್ಮಡಿಯಲ್ಲಿ 240 ಕಳೆದರೆ 272. ಅದು ಬೀಳುವುದು ಶುದ್ಧ ರಿಷಭದ, ಅಂದರೆ 270ರ, ಮಗ್ಗುಲಿಗೆ. ಭೈರವದಲ್ಲಿ ಶುದ್ಧ ರಿಷಭಕ್ಕೆ ಜಾಗವೇ ಇಲ್ಲ! ನೀವು ಹಾಡದ, ತಂಬೂರಿ ನುಡಿಸದ ಸ್ವರವೊಂದು ರಾಗದೊಳಗೆ ಹೊಕ್ಕಿದೆ. ಮೇಲಾಗಿ ನೀವು ಆಂದೋಲನ ಮಾಡಿ ರಿಷಭವನ್ನು 4 ಹರ್ಟ್ಜ್ ತೂಗಿದರೆ ಈ ನೆರಳು 8 ಹರ್ಟ್ಜ್ ತೂಗುತ್ತದೆ. ನೀವು ಕಲಕು ಎಂದು ಕರೆದದ್ದು ಇದನ್ನೇ.

ಇದೇ ಲೆಕ್ಕವನ್ನು ಷಡ್ಜ ಪಂಚಮಗಳಿಗೆ ಮಾಡಿ ನೋಡಿ: 240 ಮತ್ತು 360. ಹುಟ್ಟುವುದು 120 ಮತ್ತು 480, ಮಂದ್ರ ಷಡ್ಜ ಮತ್ತು ತಾರ ಷಡ್ಜ. ದನಿ ತುಂಬಿಕೊಂಡಿತು ಎಂದು ನೀವು ಬರೆದದ್ದೂ ಹಾಗಾಗಿ ನಿಜವೇ. ಮನೆಯವರೆಲ್ಲ ಮೆಚ್ಚುವ ಸ್ವರಗಳಲ್ಲಿ ಈ ಸಾಫ್ಟ್‌ವೇರು ಹೊಗಳಿಸಿಕೊಳ್ಳುತ್ತದೆ; ಅದು ಕೆಡಿಸುವುದು ರಾಗದ ಪ್ರಾಣ ಇರುವಲ್ಲಿ.

ಆದ್ದರಿಂದ ಇಡೀ ಹಾಡಿನ ಮೇಲೆ ಹಾಕಿದ್ದನ್ನು ತೆಗೆದುಹಾಕಿ. ದನಿಯ ಟ್ರ್ಯಾಕಿಗೆ ಒಂದು, ತಬಲಾಕ್ಕೆ ಇನ್ನೊಂದು ಪ್ರತ್ಯೇಕವಾಗಿ ಹಾಕಿ. ತಂಬೂರಿಯನ್ನು ಮುಟ್ಟಲೇಬೇಡಿ, ಅದಕ್ಕೆ ಬೇಕಾದ ಉಪಸ್ವರಗಳು ಅದರಲ್ಲೇ ಇವೆ. ಹಿಂದೆ ಎಲ್ಲವೂ ಒಂದೇ ಟೇಪಿಗೆ ಹೋಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಹೋಗುತ್ತಿತ್ತು. ಆದರೆ ಮಟ್ಟ ತಗ್ಗಿನಲ್ಲಿತ್ತು, ತಂಬೂರಿ ದನಿಯ ಹಿಂದೆ ಮರೆಯಲ್ಲಿರುತ್ತಿತ್ತು. ಪರದೆಯ ಮೇಲಿನ ಗುಂಡಿಯನ್ನು ತಿರುಗಿಸಲು ಶ್ರಮವಿಲ್ಲದ್ದರಿಂದ ಕೈ ಅಳತೆ ಮೀರಿ ಹೋಗುತ್ತದೆ.

ಖರ್ಚಿಲ್ಲದೆ ಸಿಗುವವುಗಳಲ್ಲಿ ಚೌ ಟೇಪ್ ಮಾಡೆಲ್ ನನಗೆ ಹಿಡಿಸಿದೆ. ಸೋನಿಯ ಟಿಸಿ-260 ಎಂಬ ಹಳೆಯ ಸ್ಪೂಲ್ ಯಂತ್ರವನ್ನು ಆಧರಿಸಿ ಅದನ್ನು ಕಟ್ಟಲು ತೊಡಗಿದ್ದು. ಏರ್‌ವಿಂಡೋಸ್‌ನ ಟುಟೇಪ್ ಕೂಡ ಉಚಿತ. ಸ್ಟೂಡರ್ ಎ800 ಯಂತ್ರದ ಪ್ರತಿರೂಪವೆಂದು ಮಾರುವ ದುಬಾರಿ ಸಾಫ್ಟ್‌ವೇರುಗಳೂ ಇವೆ. ಅವುಗಳಿಗೆ ಹಣ ಹಾಕುವ ಹೊತ್ತು ನಿಮಗೆ ಇನ್ನೂ ಬಂದಿಲ್ಲ.

ಯಾವುದನ್ನೇ ಬಳಸಿ, ಒಳಹೋಗುವ ಮಟ್ಟವೇ ಮುಖ್ಯ. ಇಂಥ ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ವಿಯು ಮೀಟರಿನ (ದನಿಯ ಮಟ್ಟ ತೋರಿಸುವ ಮುಳ್ಳಿನ) ಸೊನ್ನೆ ಎಂದರೆ ಡಿಜಿಟಲ್‌ನ ಮೈನಸ್ 18 ಡೆಸಿಬಲ್, ಅಂದರೆ ಅದರ ಮಿತಿಗಿಂತ 18 ಡೆಸಿಬಲ್ ಕೆಳಗೆ. ನಿಮ್ಮ ದನಿ ಸಾಧಾರಣವಾಗಿ ಆ ಸೊನ್ನೆಯ ಸುತ್ತ ಆಡಲಿ, ತಾನಿನಲ್ಲಿ ಸ್ವಲ್ಪ ದಾಟಲಿ. ವೇಗ 15 ಇಂಚಿಗೇ ಇರಲಿ. ವಾವ್, ಫ್ಲಟರ್ ಎಂಬ ಗುಂಡಿಗಳನ್ನು ಸೊನ್ನೆಗಿಳಿಸಿ. ಅವು ಟೇಪಿನ ವೇಗದ ಓಲಾಟವನ್ನು ಅನುಕರಿಸುತ್ತವೆ. ನಾವು ಆ ಓಲಾಟವನ್ನು ಹೊರಗಿಡಲು ರಬ್ಬರಿನ ಉರುಳೆಯನ್ನು ಒರೆಸಿ ಒರೆಸಿ ಸವೆಸಿದವರು. ಶ್ರುತಿ ಅಲುಗಾಡಿಸುವ ದೋಷವನ್ನು ದುಡ್ಡು ಕೊಟ್ಟು ತರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಿಸ್ ಸದ್ದಿನ ಗುಂಡಿಯೂ ಸೊನ್ನೆಗೇ. ಓವರ್‌ಸ್ಯಾಂಪ್ಲಿಂಗ್, ಅಂದರೆ ಒಳಗಿನ ಲೆಕ್ಕವನ್ನು ಹೆಚ್ಚು ದಟ್ಟವಾದ ಮಾದರಿಗಳಲ್ಲಿ ಮಾಡುವುದು, ಮಾತ್ರ ನಾಲ್ಕು ಅಥವಾ ಎಂಟು ಪಟ್ಟಿರಲಿ. 44.1 ಕಿಲೋಹರ್ಟ್ಜ್ ಮುದ್ರಣದಲ್ಲಿ ಅದರ ಅರ್ಧವಾದ 22.05ಕ್ಕಿಂತ ಮೇಲೆ ಹುಟ್ಟಿದ ಉಪಸ್ವರಗಳು ಮಡಚಿಕೊಂಡು ಕೆಳಗೆ ಬೀಳುತ್ತವೆ, ಬಿದ್ದವು ಯಾವ ಸ್ವರಕ್ಕೂ ಸೇರುವುದಿಲ್ಲ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಸಾಫ್ಟ್‌ವೇರು ಹಾಕಿದಾಗ ಸದ್ದು ಅರ್ಧ ಡೆಸಿಬಲ್ ಏರಿದರೂ ನಮ್ಮ ಕಿವಿ ಅದನ್ನು ಚೆಂದ ಎನ್ನುತ್ತದೆ. ಹೊರಬರುವ ಮಟ್ಟವನ್ನು ತಗ್ಗಿಸಿ, ಹಾಕಿದ್ದು ಹಾಕದ್ದು ಎರಡೂ ಸಮ ಎತ್ತರದಲ್ಲಿ ಕೇಳುವಂತೆ ಮಾಡಿ. ನಂತರ ಕಣ್ಣು ಮುಚ್ಚಿ ಕುಳಿತು, ಮನೆಯ ಬೇರೆಯವರಿಂದ ಗುಂಡಿ ಒತ್ತಿಸಿ ಗುರುತಿಸಲು ನೋಡಿ.

ಇದು ನಾನು ಕಷ್ಟಪಟ್ಟು ಕಲಿತದ್ದು. ಕೆಲವು ವರ್ಷಗಳ ಹಿಂದೆ ಹಾವೇರಿ ಕಡೆಯ ತತ್ವಪದದ ಮೇಳವೊಂದರ ಮುದ್ರಣವನ್ನು ಧಾರವಾಡದ ನನ್ನ ಮನೆಯಲ್ಲಿ ಮಿಶ್ರಣ ಮಾಡಿದೆ. ಏಕತಾರಿ, ದಮ್ಮಡಿ, ತಾಳ, ಐದು ಜನರ ದನಿ. ಎಲ್ಲದರ ಮೇಲೆ ಟೇಪು ಹಾಕಿ, ಎರಡು ರಾತ್ರಿ ಹೆಡ್‌ಫೋನಿನಲ್ಲಿ ಕೇಳಿ ಸಂತೋಷಪಟ್ಟೆ. ಮೇಳದ ಹಿರಿಯರು ತಮ್ಮ ಮೊಬೈಲಿನಲ್ಲಿ ಕೇಳಿ ಒಂದೇ ಮಾತು ಹೇಳಿದರು: ‘ದಮ್ಮಡಿಯ ಚರ್ಮ ಮಳೆಯಲ್ಲಿ ನೆನೆದಂತಿದೆ.’ ದುಂಡಾದ ನೆತ್ತಿಯೊಂದಿಗೆ ಬೆರಳಿನ ಪೆಟ್ಟೂ ಹೋಗಿತ್ತು. ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡು ಬಾರಿಸಿದ ಪೆಟ್ಟು ಅದು. ಅವರ ಮುಂದೆಯೇ ಕುಳಿತು ಎಲ್ಲವನ್ನೂ ಮತ್ತೆ ಮಾಡಿದೆ. ನಿಮ್ಮ ತಬಲಾದ ಚಾಂಟಿಯ, ಅಂದರೆ ಅಂಚಿನ, ‘ನಾ’ ಅಕ್ಷರಕ್ಕೂ ಈ ಅಪಾಯವಿದೆ, ಅಲ್ಲಿ ಕೈ ಹಗುರವಾಗಿರಲಿ.

ನಿಮ್ಮ ಮುದ್ರಣ ತಣ್ಣಗಿರುವುದಕ್ಕೆ ಟೇಪಿಲ್ಲದಿರುವುದು ಸಣ್ಣ ಕಾರಣವೆಂದೇ ನನ್ನ ನಂಬಿಕೆ. ಬರಿಯ ಗೋಡೆ, ಕಲ್ಲಿನ ನೆಲ, ಬಾಯಿಗೆ ಹತ್ತಿದ ಮೈಕು, ಇಷ್ಟಿದ್ದರೆ ಸಾಕು, ಯಾರ ದನಿಯಾದರೂ ಗಾಜಾಗುತ್ತದೆ. ಮನೆಯಲ್ಲಿ ಕೌದಿಗಳಿರಬೇಕಲ್ಲ? ಎರಡು ದಪ್ಪ ಕೌದಿಗಳನ್ನು ನಿಮ್ಮ ಬೆನ್ನ ಹಿಂದೆ ಹಗ್ಗದ ಮೇಲೆ ಹಾಕಿ, ನೆಲಕ್ಕೆ ಜಮಖಾನೆ ಹಾಸಿ. ಮೈಕು ಒಂದು ಗೇಣಿಗಿಂತ ಹೆಚ್ಚು ದೂರ, ಬಾಯಿಗೆ ನೇರವಾಗಿರದೆ ಗಲ್ಲದ ಮಟ್ಟಕ್ಕಿರಲಿ. 24 ಬಿಟ್‌ನಲ್ಲಿ, ಅತಿ ಎತ್ತರದ ತಾನೂ ಮೈನಸ್ 10 ಡೆಸಿಬಲ್ ದಾಟದಂತೆ ಹಿಡಿಯಿರಿ.

ಮನ್ಸೂರರ ವಿಷಯ. ಆ ಕ್ಯಾಸೆಟ್ಟಿನಲ್ಲಿ ಕೇಳುವುದರಲ್ಲಿ ಟೇಪಿನ ಪಾಲು ಎಳ್ಳಿನಷ್ಟು. ಉಳಿದದ್ದು ಅವರು ಒಂದು ಆವರ್ತವನ್ನು ತುಂಬುತ್ತಿದ್ದ ರೀತಿ, ಸಮಕ್ಕೆ ಬಂದು ಸೇರುತ್ತಿದ್ದ ರೀತಿ. ಜೊತೆಗೆ ನಿಮ್ಮ ತಂದೆಯವರ ಟೇಪ್ ರೆಕಾರ್ಡರಿನ ಸಣ್ಣ ಸ್ಪೀಕರೂ ಸೇರಿದೆ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಅದರ ಬೆಳಗಿನ ವಚನಗಾಯನವನ್ನು ಮರದ ಪೆಟ್ಟಿಗೆಯ ರೇಡಿಯೋದಲ್ಲಿ ಕೇಳುತ್ತ ಬೆಳೆದವನು ನಾನು. ಮೀಡಿಯಂ ವೇವ್ ಪ್ರಸಾರವು ಎತ್ತರದ ಕಂಪನಗಳನ್ನೆಲ್ಲ ಕತ್ತರಿಸಿಯೇ ನಮಗೆ ತಲುಪಿಸುತ್ತಿತ್ತು. ಆ ದನಿಯನ್ನು ನೆನೆದರೆ ಇವತ್ತಿಗೂ ಎದೆ ಬೆಚ್ಚಗಾಗುತ್ತದೆ, ಟೇಪು ಒಂದರಿಂದಲೇ ಅದು ಬಂದಿತೆಂದು ನಾನು ಹೇಳಲಾರೆ.

ಪ್ರಶ್ನೆ: ನಮ್ಮ ತಾಯಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಸಬೇಕಾಗಿದೆ. ಅಂಗಡಿಯವರು ಗೊರಗೊರ ಸದ್ದನ್ನು ಪೂರ್ತಿ ತೆಗೆದುಕೊಡುತ್ತೇವೆ ಎನ್ನುತ್ತಾರೆ. ತೆಗೆಸಲೇ?
(ನಿವೃತ್ತ ಶಿಕ್ಷಕರು, ಹುಬ್ಬಳ್ಳಿ)

ಉತ್ತರ: ಬೇಡ ಗುರುಗಳೇ, ಮೊದಲು ಇದ್ದದ್ದನ್ನು ಇದ್ದಂತೆಯೇ 24 ಬಿಟ್‌ನಲ್ಲಿ ವೇವ್ ಫೈಲಾಗಿ ಇಳಿಸಿಕೊಡಲು ಹೇಳಿ. ಆ ಪ್ರತಿಯನ್ನು ಎರಡು ಕಡೆ ಇಟ್ಟುಕೊಳ್ಳಿ. ಸದ್ದು ತೆಗೆಯುವ ಕೆಲಸವೇನಿದ್ದರೂ ಅದರ ನಕಲಿನ ಮೇಲೆ ನಡೆಯಲಿ. ಹಿಸ್ ಪೂರ್ತಿ ಹೋಗುವಷ್ಟು ಉಜ್ಜಿದರೆ ‘ಸ’ಕಾರ, ‘ಶ’ಕಾರಗಳೂ ಉಸಿರೂ ಅದರೊಂದಿಗೆ ಹೋಗುತ್ತವೆ. ತಾಯಿ ಸಾಲು ಮುಗಿಸಿ ಉಸಿರೆಳೆದುಕೊಳ್ಳುವ ಸದ್ದನ್ನು ಕಳೆದುಕೊಳ್ಳಬೇಡಿ.

ಇಳಿಸುವ ಮೊದಲು ಎರಡು ಕೆಲಸ ಆಗಬೇಕು. ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿಸಿ, ಅಂಟಿಕೊಂಡ ಸುರುಳಿ ಬಿಡಿಸಿಕೊಳ್ಳುತ್ತದೆ. ಆಮೇಲೆ ಪ್ಲೇಯರಿನ ಹೆಡ್‌ನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ದನಿ ಅತ್ಯಂತ ತಿಳಿಯಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಮುದ್ರಿಸಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ಆ ಕೋನಕ್ಕೇ ಇದು ಬರಬೇಕು. ನೀವು ಈ ತಿರುಪಿನ ಹೆಸರೆತ್ತಿದಾಗ ಅಂಗಡಿಯವರು ಮುಖ ಮುಖ ನೋಡಿಕೊಂಡರೆ, ಕ್ಯಾಸೆಟ್ಟನ್ನು ಅಲ್ಲಿ ಬಿಟ್ಟು ಬರಬೇಡಿ.

ಪ್ರಶ್ನೆ: ಹಳೆಯ ಸ್ಪೂಲ್ ಯಂತ್ರವೊಂದು ಮಾರಾಟಕ್ಕಿದೆ. ನಿಜವಾದ ಟೇಪಿನ ದನಿಗಾಗಿ ಕೊಳ್ಳಬಹುದೇ?
(ಕೀಬೋರ್ಡ್ ವಾದಕ, ರಾಣೆಬೆನ್ನೂರು)

ಉತ್ತರ: ಹೆಡ್ ಸವೆದಿದೆಯೇ ಎಂದು ಉಗುರು ಆಡಿಸಿ ನೋಡಿ, ಉಗುರು ಅಂಚಿಗೆ ಸಿಕ್ಕಿಕೊಂಡರೆ ಬಿಟ್ಟುಬಿಡಿ. ಹೆಡ್ ಚೆನ್ನಾಗಿದ್ದು, ರಿಪೇರಿ ಬಲ್ಲವರು ನಿಮ್ಮ ಊರಿನಲ್ಲೇ ಇದ್ದು, ಹೊಸ ಟೇಪಿಗೆ ಪ್ರತಿ ಬಾರಿ ಹಣ ಹಾಕುವ ಶಕ್ತಿ ಇದ್ದರೆ ಕೊಳ್ಳಿ. ಕೊಂಡರೆ ಸ್ಪೂಲನ್ನು ಹಿಂದಕ್ಕೆ ಸುತ್ತದೆ, ಹಾಡು ಮುಗಿದ ತುದಿ ಹೊರಗಿರುವಂತೆಯೇ ಎತ್ತಿಡಿ. ಒಂದು ಸುತ್ತಿನ ಕಾಂತ ಪಕ್ಕದ ಸುತ್ತಿಗೆ ಅಂಟಿ, ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳಿಸುವುದುಂಟು. ಹಾಗೆ ಸುತ್ತಿಟ್ಟರೆ ಆ ನೆರಳು ಬಹುಮಟ್ಟಿಗೆ ಸ್ವರದ ಹಿಂದೆ ಬಿದ್ದು ಮರೆಯಾಗುತ್ತದೆ.