ಜಿಟಿಎ 5 ತಡವರಿಸುತ್ತಿದ್ದರೆ ಮೊದಲು ಸೆಟ್ಟಿಂಗ್ ಇಳಿಸುವುದನ್ನು ನಿಲ್ಲಿಸಿ

ಹಳೆಯ ಆಫೀಸ್ ಕಂಪ್ಯೂಟರ್, ಅದರಲ್ಲಿ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ರೆಸಲ್ಯೂಷನ್ ಅನ್ನು (ಪರದೆಯ ಚಿತ್ರದ ಚುಕ್ಕೆಗಳ ಸಂಖ್ಯೆಯನ್ನು) 720ಪಿಗೆ ತಂದು ಎಲ್ಲವನ್ನೂ ‘ನಾರ್ಮಲ್’ಗೆ ಇಳಿಸಿದರೂ ಜಿಟಿಎ 5 ಆಟ ನಗರದೊಳಗೆ ಜರ್ಕ್ ಹೊಡೆಯುತ್ತದೆ, ಇನ್ನು ಯಾವುದನ್ನು ಇಳಿಸಲಿ, ಅಥವಾ ಕಾರ್ಡನ್ನೇ ಮಾರಿ ಬೇರೆ ಕೊಳ್ಳಲೇ ಎಂದು ಕೇಳಿದ್ದೀರಿ. ಕಾರ್ಡ್ ಮತ್ತು ಪ್ರೊಸೆಸರ್‌ಗಳ ಹೆಸರು ಬದಲಿಸಿದರೆ ಇದು ಕೆಲವು ವರ್ಷಗಳ ಹಿಂದೆ ನಾನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆಯೇ. ಆಗ ಎಲ್ಲರೂ ಇಳಿಸಲು ಇನ್ನೊಂದು ಸೆಟ್ಟಿಂಗ್ ತೋರಿಸಿದರೇ ಹೊರತು ಇಳಿಸುವುದೇ ತಪ್ಪಿರಬಹುದು ಎಂದು ಯಾರೂ ಹೇಳಲಿಲ್ಲ.

ನನ್ನಲ್ಲಿದ್ದದ್ದು 2 ಜಿಬಿಯ ಜಿಟಿಎಕ್ಸ್ 750 ಟಿಐ. 60 ವಾಟ್ ಸಾಕಾಗುವ, ಪವರ್ ಸಪ್ಲೈಯಿಂದ ಬೇರೆ ಕೇಬಲ್ ಬೇಡದ ಕಾರ್ಡ್ ಎಂಬ ಕಾರಣಕ್ಕೆ ಅದನ್ನು ಆರಿಸಿಕೊಂಡಿದ್ದೆ. ಜೊತೆಗಿದ್ದದ್ದು ಐ3-4130, ಅಂದರೆ ಎರಡೇ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರ್, ಮತ್ತು ನಿಮ್ಮಂತೆಯೇ ಒಂಟಿ ರ‍್ಯಾಮ್ ಸ್ಟಿಕ್. ಆಟದೊಳಗಿನ ಸ್ಯಾಂಡಿ ಶೋರ್ಸ್ ಕಡೆಯ ಮರಳುಗಾಡಿನಲ್ಲಿ, ಚಿಲಿಯಾಡ್ ಬೆಟ್ಟದ ದಾರಿಯಲ್ಲಿ ಆಟ ಚೆನ್ನಾಗಿಯೇ ಓಡುತ್ತಿತ್ತು. ಲಾಸ್ ಸ್ಯಾಂಟೋಸ್ ನಗರದ ಮಧ್ಯಭಾಗಕ್ಕೆ ಕಾರನ್ನು ವೇಗವಾಗಿ ನುಗ್ಗಿಸಿದರೆ ಮಾತ್ರ ಪರದೆ ಅರೆಕ್ಷಣ ನಿಂತು, ಮತ್ತೆ ಹಾರಿ, ಎದುರಿನ ಲಾರಿ ಕಾಣುವ ಹೊತ್ತಿಗೆ ಅದಕ್ಕೆ ಗುದ್ದಿಯೇ ಆಗಿರುತ್ತಿತ್ತು. ಹುಲ್ಲು, ಮರ, ದೂರದ ನೆರಳುಗಳೆಲ್ಲ ತುಂಬಿರುವ ಬೆಟ್ಟದ ಬದಿ ಕಾರ್ಡಿಗೆ ಭಾರ. ಜನ, ವಾಹನ, ಸಿಗ್ನಲ್, ಪೊಲೀಸರು ತುಂಬಿರುವ ನಗರ ಪ್ರೊಸೆಸರಿಗೆ ಭಾರ. ನನ್ನ ಆಟ ಎಲ್ಲಿ ತಡವರಿಸುತ್ತಿದೆ ಎಂಬುದರಲ್ಲೇ ಉತ್ತರವಿತ್ತು, ಆದರೆ ಬೆಟ್ಟದಲ್ಲಿ ಸರಾಗವಾಗಿ ಓಡುವುದನ್ನು ನಾನು ಬರಿಯ ಅದೃಷ್ಟವೆಂದು ಭಾವಿಸಿದ್ದೆ.

ಆಮೇಲೆ ನಾನು ಮಾಡಿದ್ದು ನೀವು ಈಗ ಮಾಡುತ್ತಿರುವುದನ್ನೇ. ಶ್ಯಾಡೋ ಇಳಿಸಿದೆ, ರಿಫ್ಲೆಕ್ಷನ್ ಇಳಿಸಿದೆ, ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಇಳಿಸಿದೆ, 1080ಪಿಯಿಂದ 900ಪಿಗೆ, ಅಲ್ಲಿಂದ 720ಪಿಗೆ ಬಂದೆ. ಬೋರ್ಡುಗಳ ಮೇಲಿನ ಅಕ್ಷರ ಓದಲಾಗದಷ್ಟು ಆಟ ಮಸುಕಾಯಿತು, ಜರ್ಕ್ ಮಾತ್ರ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಅಲ್ಲಿಗೆ ಕಾರ್ಡಿನ ಆಯುಷ್ಯ ಮುಗಿಯಿತೆಂದು ತೀರ್ಮಾನಿಸಿ, ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1060 ತಂದೆ. ಅದಕ್ಕೆ ಆರು ಪಿನ್ನಿನ ಪವರ್ ಕೇಬಲ್ ಬೇಕು, ನನ್ನ ಪವರ್ ಸಪ್ಲೈಯಲ್ಲಿ ಅದಿರಲಿಲ್ಲ. ಹೀಗಾಗಿ ಹೊಸ ಪವರ್ ಸಪ್ಲೈ ಕೂಡ ಬಂತು. ಮನೆಗೆ ಬಂದು ಜೋಡಿಸಿ, ಅದೇ ರಸ್ತೆಗೆ, ಅದೇ ತಿರುವಿಗೆ ಕಾರು ಓಡಿಸಿದೆ. ಅದೇ ಜಾಗದಲ್ಲಿ, ಅದೇ ರೀತಿ ಜರ್ಕ್ ಹೊಡೆಯಿತು.

ಈ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ನಿಂತಿರುವುದು ಸರಿಯಾಗಿ ಆ ಮೆಟ್ಟಿಲಿನ ಮೇಲೆ. 2015ರ ಏಪ್ರಿಲ್‌ನಲ್ಲಿ ಈ ಆಟ ಕಂಪ್ಯೂಟರಿಗೆ ಬಂದಾಗ ಅದರ ತಯಾರಕರು ಸೂಚಿಸಿದ ಯಂತ್ರದಲ್ಲಿ ಇದ್ದದ್ದು 2 ಜಿಬಿಯ ಜಿಟಿಎಕ್ಸ್ 660, ಐ5-3470 ಮತ್ತು 8 ಜಿಬಿ ರ‍್ಯಾಮ್. ನಾನು ಆ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಸಾಲನ್ನು ಮಾತ್ರ ಓದಿದ್ದೆ. ನನ್ನ 750 ಟಿಐ ಹೆಚ್ಚುಕಡಿಮೆ ಆ 660ರ ಸಾಲಿನಲ್ಲಿಯೇ ನಿಲ್ಲುವ ಕಾರ್ಡ್. ಅದರ ಪಕ್ಕದ ಸಾಲಿನಲ್ಲಿ ನಾಲ್ಕು ಕೋರ್‌ಗಳ ಪ್ರೊಸೆಸರ್ ಕೇಳಿದ್ದರು, ನನ್ನದರಲ್ಲಿ ಎರಡೇ ಇದ್ದವು. ಎರಡು ಸಾಲುಗಳಲ್ಲಿ ಯಾವುದರಲ್ಲಿ ಕೊರತೆಯಿದೆ ಎಂದು ಹೋಲಿಸಿ ನೋಡಲು ಎರಡು ನಿಮಿಷವೂ ಬೇಕಿರಲಿಲ್ಲ. ಆದರೆ ಆಟ ಎಂದರೆ ಗ್ರಾಫಿಕ್ಸ್, ಗ್ರಾಫಿಕ್ಸ್ ಎಂದರೆ ಕಾರ್ಡ್ ಎಂಬ ಸಮೀಕರಣ ತಲೆಯಲ್ಲಿ ಕುಳಿತುಬಿಟ್ಟಿದ್ದರಿಂದ, ಮೆನುವಿನಲ್ಲಿ ಕಾಣುವ ಪ್ರತಿಯೊಂದು ಸೆಟ್ಟಿಂಗ್ ಕಾರ್ಡಿನ ಭಾರವನ್ನೇ ಇಳಿಸುತ್ತದೆ, ಕಾರ್ಡಿನ ಭಾರ ಇಳಿದರೆ ಆಟ ಸರಾಗವಾಗಲೇಬೇಕು ಎಂದು ನಂಬಿದ್ದೆ.

ಪ್ರತಿಯೊಂದು ಫ್ರೇಮ್‌ಗೂ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೂ, ಮೊದಲು ಪ್ರೊಸೆಸರ್ ದುಡಿಯಬೇಕು: ಯಾರು ಎಲ್ಲಿ ನಡೆಯುತ್ತಿದ್ದಾರೆ, ಯಾವ ಕಾರು ಯಾವುದಕ್ಕೆ ತಾಗಿತು, ಪರದೆಯ ಮೇಲೆ ಏನೇನು ಬರೆಯಬೇಕು ಎಂದು ಲೆಕ್ಕ ಹಾಕಿ, ಆ ಪಟ್ಟಿಯನ್ನು ಕಾರ್ಡಿಗೆ ಒಪ್ಪಿಸಬೇಕು. ಕಾರ್ಡ್ ಅದನ್ನು ಚಿತ್ರವಾಗಿಸುತ್ತದೆ. ಒಬ್ಬರು ರೊಟ್ಟಿ ಬಡಿಯುತ್ತಾ ಇನ್ನೊಬ್ಬರು ಬೇಯಿಸುತ್ತಾ ಇದ್ದಾಗ, ಬಡಿಯುವ ಕೈ ನಿಧಾನವಾದರೆ ಒಲೆಯ ಉರಿ ಹೆಚ್ಚಿಸಿ ಪ್ರಯೋಜನವಿಲ್ಲ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡ್. ಪ್ರೊಸೆಸರ್ ತನ್ನ ಪಾಲಿಗೆ 25 ಮಿಲಿಸೆಕೆಂಡ್ ತೆಗೆದುಕೊಂಡರೆ, ಕಾರ್ಡ್ ಎಷ್ಟೇ ಚುರುಕಾಗಿದ್ದರೂ ನಿಮಗೆ ಕಾಣುವುದು 40 ಫ್ರೇಮ್ ಅಷ್ಟೆ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 720ಪಿಯಲ್ಲಿ ಸುಮಾರು 9.2 ಲಕ್ಷ. ಹಾಗೆ ಅರ್ಧಕ್ಕಿಂತಲೂ ಕಡಿಮೆಯಾದದ್ದು ಕಾರ್ಡಿನ ಕೆಲಸ. ಪಾದಚಾರಿಗಳ ಸಂಖ್ಯೆ ಎರಡರಲ್ಲೂ ಅಷ್ಟೇ.

ಇದಕ್ಕಿಂತ ಕೆಟ್ಟ ಪರಿಣಾಮ ಇನ್ನೊಂದಿದೆ. ಕಾರ್ಡನ್ನು ಹಗುರಗೊಳಿಸಿದಷ್ಟೂ ಅದು ಮುಂದಿನ ಫ್ರೇಮ್ ಕೊಡು ಎಂದು ಪ್ರೊಸೆಸರಿನ ಬೆನ್ನು ಹತ್ತುತ್ತದೆ, ಪ್ರೊಸೆಸರ್ ತನ್ನ ಮಿತಿಯ ಅಂಚಿನಲ್ಲೇ ಓಡುತ್ತಿರುತ್ತದೆ. ಆಗ ಹಿಂದೆ ತೆರೆದಿಟ್ಟ ಬ್ರೌಸರ್ ಅಥವಾ ಆಂಟಿವೈರಸ್ ಒಂದು ಕ್ಷಣ ಎದ್ದರೂ ಸಾಕು, ಒಂದು ಫ್ರೇಮ್ ತಪ್ಪಿ, ಅದು ಕಣ್ಣಿಗೆ ಜರ್ಕ್ ಆಗಿ ಕಾಣುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಆಟ ನಯವಾಗಿರಬೇಕಾದರೆ ಇಬ್ಬರಲ್ಲಿ ತುಸು ನಿಧಾನವಾಗಿ ಇರಬೇಕಾದದ್ದು ಕಾರ್ಡೇ. ಆದ್ದರಿಂದ ‘ಎಲ್ಲವನ್ನೂ ಲೋ ಮಾಡಿ’ ಎಂಬ ಸಲಹೆಯನ್ನು ನಾನು ಸಾರಾಸಗಟಾಗಿ ತಳ್ಳಿಹಾಕುತ್ತೇನೆ.

ನಿಮ್ಮ ವಿಷಯದಲ್ಲೂ ಇದೇ ಆಗುತ್ತಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ನಗರದಲ್ಲಿ ಒಂದೇ ಜಾಗದಲ್ಲಿ ನಿಂತು 720ಪಿಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಿ, ಬಳಿಕ 1080ಪಿಗೆ ಏರಿಸಿ ನೋಡಿ. ಸಂಖ್ಯೆ ಅಷ್ಟಾಗಿ ಇಳಿಯದಿದ್ದರೆ ಕಾರ್ಡ್ ನಿರಪರಾಧಿ. ಇನ್ನೂ ಖಚಿತವಾಗಬೇಕಿದ್ದರೆ ಎಂಎಸ್ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿಕೊಳ್ಳಿ, ಅದು ಉಚಿತ. ಕಾರ್ಡಿನ ಬಳಕೆ, ಪ್ರತಿ ಕೋರಿನ ಬಳಕೆ, ವಿಡಿಯೊ ಮೆಮೊರಿ (ಕಾರ್ಡಿನದೇ ಮೆಮೊರಿ) ಮತ್ತು ಫ್ರೇಮ್ ಟೈಮ್‌ನ (ಒಂದು ಫ್ರೇಮ್‌ಗೆ ಹಿಡಿದ ಸಮಯದ) ಗೆರೆ, ಈ ನಾಲ್ಕನ್ನು ಪರದೆಯ ಮೂಲೆಯಲ್ಲಿ ತೋರಿಸುವಂತೆ ಮಾಡಿ. ಜರ್ಕ್ ಹೊಡೆಯುವಾಗ ಕಾರ್ಡಿನ ಬಳಕೆ ಶೇಕಡಾ 95ರ ಮೇಲಿದ್ದರೆ ಕಾರ್ಡ್ ದಣಿದಿದೆ ಎಂದರ್ಥ, 50-60ರಲ್ಲಿ ತೂಗಾಡುತ್ತಿದ್ದರೆ ಅದು ಸುಮ್ಮನೆ ಕಾಯುತ್ತಿದೆ. ಟಾಸ್ಕ್ ಮ್ಯಾನೇಜರ್ ತೋರಿಸುವ ಒಟ್ಟು ಪ್ರೊಸೆಸರ್ ಬಳಕೆಯನ್ನು ನಂಬಬೇಡಿ: ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ತುಂಬಿ ಉಳಿದವು ಖಾಲಿಯಿದ್ದರೂ ಅದು ಶೇಕಡಾ 25 ಎಂದೇ ತೋರಿಸುತ್ತದೆ. ನನ್ನ 1060 ಕಾರ್ಡ್ ನಗರದ ನಡುವೆ ಅರ್ಧ ಸಾಮರ್ಥ್ಯಕ್ಕೂ ಏರದೆ ಕುಳಿತಿರುವುದನ್ನು ಆ ಮೂಲೆಯ ಅಂಕಿಯಲ್ಲಿ ಕಂಡಾಗಲೇ, ಎಸ್‌ಪಿ ರಸ್ತೆಯಲ್ಲಿ ಎಣಿಸಿಕೊಟ್ಟ ದುಡ್ಡಿನ ಲೆಕ್ಕ ನನಗೆ ಅರ್ಥವಾದದ್ದು.

ಇನ್ನು ಜಿಟಿಎ 5ರ ಮೆನು. 2025ರ ಮಾರ್ಚ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬರೆಯುವ ವಿಧಾನ) ಸಹಿತ ಬಂದ ಎನ್‌ಹಾನ್ಸ್ಡ್ ಆವೃತ್ತಿಯನ್ನು ಬಿಟ್ಟು, ಹಳೆಯ ಆವೃತ್ತಿಯ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ಅಲ್ಲಿ ಪ್ರೊಸೆಸರಿನ ಜೀವ ಹಿಂಡುವ ಸೆಟ್ಟಿಂಗ್‌ಗಳಿಗೆ ‘ನಾರ್ಮಲ್’, ‘ಹೈ’ ಎಂಬ ಹೆಸರುಗಳೇ ಇಲ್ಲ. ಅವು ಎಡಕ್ಕೆ, ಬಲಕ್ಕೆ ಎಳೆಯುವ ಪಟ್ಟಿಗಳಾಗಿವೆ. ಎಲ್ಲವನ್ನೂ ನಾರ್ಮಲ್ ಮಾಡಿದೆ ಎನ್ನುವವರು, ನನ್ನನ್ನೂ ಸೇರಿಸಿ, ಇವುಗಳನ್ನು ಇದ್ದಲ್ಲೇ ಬಿಟ್ಟಿರುತ್ತಾರೆ. ಪಾಪುಲೇಷನ್ ಡೆನ್ಸಿಟಿಯನ್ನು (ಜನ, ವಾಹನಗಳ ದಟ್ಟಣೆ) ಮೂರನೇ ಒಂದು ಭಾಗಕ್ಕೆ ತನ್ನಿ, ರಸ್ತೆ ಸ್ವಲ್ಪ ಬಿಕೋ ಎನ್ನಿಸಬಹುದು, ಅಭ್ಯಾಸವಾಗುತ್ತದೆ. ಡಿಸ್ಟೆನ್ಸ್ ಸ್ಕೇಲಿಂಗ್ ಅನ್ನು (ಎಷ್ಟು ದೂರದವರೆಗೆ ವಿವರ ಕಾಣಬೇಕೆಂಬುದು) ಅರ್ಧಕ್ಕೆ ಇಳಿಸಿ. ಅಡ್ವಾನ್ಸ್ಡ್ ಗ್ರಾಫಿಕ್ಸ್ ಪುಟದಲ್ಲಿರುವ ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಸ್ಕೇಲಿಂಗ್ ಸೊನ್ನೆಯಲ್ಲಿರಲಿ, ಹಾರುವಾಗಿನ ಹೈ ಡೀಟೇಲ್ ಸ್ಟ್ರೀಮಿಂಗ್ ಆಫ್ ಆಗಿರಲಿ. ನಗರದ ತಡವರಿಕೆಗೆ ನೇರ ಮದ್ದು ಇವೇ.

ಉಳಿದದ್ದನ್ನು ಏರಿಸಿ. ರೆಸಲ್ಯೂಷನ್ 1080ಪಿ ಇರಲಿ. ಟೆಕ್ಸ್ಚರ್ ಅನ್ನು ವೆರಿ ಹೈಗೆ ಒಯ್ಯಿರಿ, ಏಕೆಂದರೆ ಟೆಕ್ಸ್ಚರ್ ಬೇಡುವುದು ಮುಖ್ಯವಾಗಿ ಮೆಮೊರಿಯನ್ನು, ನಿಮ್ಮಲ್ಲಿ 4 ಜಿಬಿ ಇದೆ, ಮತ್ತು ಮೆನುವಿನಲ್ಲೇ ಇರುವ ವಿಡಿಯೊ ಮೆಮೊರಿಯ ಗೆರೆ ಎಲ್ಲಿಗೆ ಮುಟ್ಟಿತೆಂದು ಕಣ್ಣೆದುರೇ ಕಾಣುತ್ತದೆ. ಆ ಗೆರೆಯನ್ನು ದಾಟಲು ಬಿಡುವ ‘ಇಗ್ನೋರ್ ಸಜೆಸ್ಟೆಡ್ ಲಿಮಿಟ್ಸ್’ ಆಯ್ಕೆಯನ್ನು ಮುಟ್ಟಬೇಡಿ: 1050 ಟಿಐ ತನ್ನ ಮೆಮೊರಿಯಿಂದ ಸೆಕೆಂಡಿಗೆ 112 ಜಿಬಿಯಷ್ಟು ಓದಬಲ್ಲದು, ಅಲ್ಲಿ ಜಾಗ ಮುಗಿದು ಕಂಪ್ಯೂಟರಿನ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕಾದರೆ ಆ ದಾರಿ ಹೆಚ್ಚೆಂದರೆ ಸುಮಾರು 16 ಜಿಬಿಯದ್ದು, ಹೀಗಾಗಿ ಆಗ ಹೊಸ ಬಗೆಯ ಜರ್ಕ್ ಹುಟ್ಟಿಕೊಳ್ಳುತ್ತದೆ. ಅನಿಸೋಟ್ರೋಪಿಕ್ ಫಿಲ್ಟರಿಂಗ್ 16ಕ್ಕೆ ಇಡಿ, ಅದರ ಬೆಲೆ ನಗಣ್ಯ, ರಸ್ತೆಯ ಗೆರೆಗಳು ದೂರದವರೆಗೆ ಸ್ಪಷ್ಟವಾಗುತ್ತವೆ. ಶ್ಯಾಡೋ ಹೈ, ಅದರ ಸಾಫ್ಟ್‌ನೆಸ್ ‘ಸಾಫ್ಟ್’ ಸಾಕು. ಅಂಚುಗಳ ಮೆಟ್ಟಿಲುಗೆರೆ ನಯಗೊಳಿಸುವ ಎರಡು ವಿಧಾನಗಳಲ್ಲಿ ಎಂಎಸ್ಎಎ ಬೇಡವೇ ಬೇಡ, ಎಫ್‌ಎಕ್ಸ್‌ಎಎ ಆನ್ ಮಾಡಿ. ಗ್ರಾಸ್ ಕ್ವಾಲಿಟಿ ಹೈ ದಾಟದಿರಲಿ. ಅಲ್ಟ್ರಾ ಹುಲ್ಲು ಬೆಟ್ಟದ ಬದಿಯಲ್ಲಿ ನಿಮ್ಮ ಕಾರ್ಡಿನ ಉಸಿರು ಕಟ್ಟಿಸುತ್ತದೆ, ಮತ್ತು ಹುಲ್ಲನ್ನು ನೋಡಲು ಈ ಆಟ ಆಡುವವರನ್ನು ನಾನಂತೂ ಕಂಡಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ 60ಕ್ಕೆ ಅಂಟಿಕೊಳ್ಳದಿದ್ದರೆ ವಿಸಿಂಕ್ ಅನ್ನು (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ಆಯ್ಕೆ) ‘ಹಾಫ್’ಗೆ ಹಾಕಿ ಸ್ಥಿರವಾದ 30ರಲ್ಲಿ ಆಡಿ ನೋಡಿ. ನಗೆ ಬರುತ್ತದೆಂದು ಗೊತ್ತು. ಆದರೆ ಏರಿಳಿಯುವ 55ಕ್ಕಿಂತ ಅಲುಗಾಡದ 30 ಕಾರು ಓಡಿಸಲು ಹಿತ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಸ ಆಟಗಳ ಮಾತು ಬೇರೆ. ಅಲ್ಲಿ 1050 ಟಿಐ ನಿಜವಾಗಿಯೂ ದಣಿಯುತ್ತದೆ. ಆಗ ಮೊದಲು ವಾಲ್ಯುಮೆಟ್ರಿಕ್ ಮಂಜು, ಆಂಬಿಯೆಂಟ್ ಅಕ್ಲೂಷನ್ ಮತ್ತು ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಇಳಿಸಿ, ಟೆಕ್ಸ್ಚರ್ ಅನ್ನು ಕೊನೆಗೆ ಮುಟ್ಟಿ. ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ತಂತ್ರಗಳಲ್ಲಿ ಡಿಎಲ್ಎಸ್ಎಸ್ ಆರ್‌ಟಿಎಕ್ಸ್ ಕಾರ್ಡ್‌ಗಳಿಗೆ ಮಾತ್ರ, ಎಫ್‌ಎಸ್ಆರ್ 2 ನಿಮ್ಮ ಕಾರ್ಡಿನಲ್ಲೂ ನಡೆಯುತ್ತದೆ. ಅದರ ಕ್ವಾಲಿಟಿ ಹಂತದಲ್ಲಿ 1080ಪಿ ಚಿತ್ರ 720ಪಿಯಿಂದ ಹಿಗ್ಗಿದ್ದು, ಅದನ್ನು ಸಹಿಸಬಹುದು. ಪರ್ಫಾರ್ಮೆನ್ಸ್ ಹಂತದಲ್ಲಿ 540ಪಿಯಿಂದ ಹಿಗ್ಗಿದ್ದು, ಅದನ್ನು ನಾನು ಶತ್ರುವಿಗೂ ಶಿಫಾರಸು ಮಾಡುವುದಿಲ್ಲ.

ಕಾರ್ಡ್ ಮಾರಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ನಿಮ್ಮ ಪ್ರೊಸೆಸರ್ ತಯಾರಕರು ಸೂಚಿಸಿದ ಐ5ಕ್ಕಿಂತ ಒಂದು ತಲೆಮಾರು ಮುಂದಿನದು, ಕಾರ್ಡ್ ಅವರು ಹೇಳಿದ 660ಕ್ಕಿಂತ ಮೇಲಿನದು, ಹಾಗಾಗಿ ನನ್ನ ಅನುಮಾನ ಆ ಒಂಟಿ ರ‍್ಯಾಮ್ ಸ್ಟಿಕ್ಕಿನ ಮೇಲೆ. ಡಿಡಿಆರ್3 1600ರ ಒಂದು ಸ್ಟಿಕ್ ಸೆಕೆಂಡಿಗೆ 12.8 ಜಿಬಿ ಸಾಗಿಸಬಲ್ಲದು, ಎರಡು ಜೋಡಿಯಾಗಿ ಕೂತರೆ 25.6 ಜಿಬಿ. ಕಾದು ಕೂರುವ ಪ್ರೊಸೆಸರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ನನ್ನ ಕಂಪ್ಯೂಟರಿನಲ್ಲಿ ಎರಡನೇ ಸ್ಟಿಕ್ ಹಾಕಿದ ಮೇಲೆ ದಿಢೀರ್ ಕುಸಿತಗಳು ಬಹುಮಟ್ಟಿಗೆ ನಿಂತವು, ಅದೇ ಸಾಕೆಟ್‌ನ ಹಳೆಯ ಐ7 ಹಾಕಿದ ಮೇಲೆ ಉಳಿದದ್ದೂ ನಿಂತಿತು, ಮತ್ತು ಇವೆರಡೂ ಸೇರಿ ಆ 1060ರ ಅರ್ಧ ಬೆಲೆಯನ್ನೂ ಮುಟ್ಟಲಿಲ್ಲ. ಸ್ಟಿಕ್ ಕೊಳ್ಳುವ ಮೊದಲು, ಪ್ರೊಸೆಸರಿನ ಉಷ್ಣಾಂಶವನ್ನೂ ಆಡುವಾಗ ಒಮ್ಮೆ ನೋಡಿ: ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದ ಕಂಪ್ಯೂಟರುಗಳಲ್ಲಿ ಥರ್ಮಲ್ ಪೇಸ್ಟ್ ಒಣಗಿ, ಫ್ಯಾನಿಗೆ ದೂಳು ಮೆತ್ತಿ, ಬಿಸಿ ಏರಿದಾಗ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಪೇಸ್ಟಿನ ಟ್ಯೂಬಿಗೆ ಕೆಲವೇ ನೂರು ರೂಪಾಯಿ.

ಎರಡನೇ ಸ್ಟಿಕ್ ಈಗಿರುವಷ್ಟೇ ಗಾತ್ರದ್ದು, ಅಷ್ಟೇ ವೇಗದ್ದು ಇರಲಿ. ನಾಲ್ಕು ಸ್ಲಾಟ್‌ಗಳಿರುವ ಬೋರ್ಡಾದರೆ ಪಕ್ಕಪಕ್ಕದಲ್ಲಿ ಚುಚ್ಚದೆ ಒಂದು ಬಿಟ್ಟು ಒಂದರಲ್ಲಿ, ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ಸ್ಲಾಟ್‌ಗಳಲ್ಲಿ, ಕೂರಿಸಿ. ಬಳಿಕ ಸಿಪಿಯು-ಝಡ್ ಎಂಬ ತಂತ್ರಾಂಶ ತೆರೆದು ಮೆಮೊರಿ ಪುಟದಲ್ಲಿ ಚಾನೆಲ್ ಎಂಬಲ್ಲಿ ‘ಡ್ಯುಯಲ್’ ಅಥವಾ ಎರಡು ಚಾನೆಲ್ ಎಂದು ಬಂದಿದೆಯೇ ನೋಡಿ. ‘ಸಿಂಗಲ್’ ಅಥವಾ ಒಂದೇ ಚಾನೆಲ್ ಎಂದಿದ್ದರೆ ಸ್ಲಾಟ್ ಬದಲಿಸಿ ಮತ್ತೊಮ್ಮೆ ಒತ್ತಿ ಕೂರಿಸಬೇಕು.